ಬೆನ್ನ ಹಿಂದಿನ ಐದು ಬೆರಳು

ಮೈಕ್ ಸೆಟ್ಟಿನವನಿಗೆ ಭಾಷಣ ಕೇಳಿಸುವುದಿಲ್ಲ. ಇಪ್ಪತ್ತಾರು ವರ್ಷ ಇದೇ ಕಸುಬು ಮಾಡಿದವನು ನಾನು, ಧೈರ್ಯವಾಗಿ ಹೇಳಬಲ್ಲೆ. ನಮಗೆ ಕೇಳಿಸುವುದು ಗೊರಗೊರ, ಹಾರ್ನಿನ ಕೀರಲು ಕೂಗು, ವಯರ್ ಕಳಚಿದಾಗಿನ ಮೌನ. ಅದರ ನಡುವೆ ಯಾರು ನಾಡನ್ನು ಉದ್ಧಾರ ಮಾಡಿದರು, ಯಾರು ಹಾಳು ಮಾಡಿದರು ಎಂಬುದು ನಮ್ಮ ಇಲಾಖೆಯಲ್ಲ. ಪೂಜೆಭಟ್ಟರ ಮನೆಯಲ್ಲಿ ಹುಟ್ಟಿದ ಈಶ್ವರಪ್ರಸಾದ ಮಂತ್ರ ಬಿಟ್ಟು ಮೈಕ್ ಹಿಡಿದ ಎಂದು ಅಗಲ್ಪಾಡಿಯ ಕಡೆಯ ನನ್ನ ನೆಂಟರಿಗೆ ಇನ್ನೂ ಬೇಸರವಿದೆ. ನಾನೂ ಸುಮ್ಮನಿರುವವನಲ್ಲ. ನಿಮ್ಮ ಮಗನ ಉಪನಯನಕ್ಕೆ ನನ್ನದೇ ಸೆಟ್ಟು ಬೇಕಾಯಿತಲ್ಲ ಎಂದು ಅವರನ್ನು ಊಟದ ಪಂಕ್ತಿಯಲ್ಲೇ ಕೇಳುತ್ತೇನೆ.

ನಾನು ಕೂರುವುದು ವೇದಿಕೆಯ ಹಿಂದೆ. ಅಲ್ಲಿಂದ ದೊಡ್ಡವರ ಬೆನ್ನು ಮಾತ್ರ ಕಾಣುತ್ತದೆ. ಬೆವರಿದ ಬೆನ್ನು, ಇಸ್ತ್ರಿ ಕೆಟ್ಟ ಬೆನ್ನು, ಸೋಲುತ್ತೇನೆಂದು ಮೊದಲೇ ಗೊತ್ತಾದ ಬೆನ್ನು, ಎಲ್ಲವನ್ನೂ ನೋಡಿದ್ದೇನೆ. ನೋಡಿ ಕೈ ಮುಗಿಯಬೇಕೆನಿಸಿದ್ದು ಒಂದೇ ಬೆನ್ನಿಗೆ. ಅದು ಜೋಸ್ಫಿನ್ ಬಾಯಮ್ಮನದು.

ಬಾಯಮ್ಮ ಎಂದರೆ ನಮ್ಮಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ಜೋಸ್ಫಿನ್ ಬಾಯಮ್ಮನಿಗೆ ಈಗ ಅರವತ್ತೇಳು. ಹುಟ್ಟಿದ್ದು ಉಪ್ಪಳದಲ್ಲಿ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಫಿಡೆಲಿಸ್ ಎಂಬ ಬಡಗಿಯನ್ನು ಮದುವೆಯಾಗಿ ನಮ್ಮ ನೆಕ್ರಾಜೆಗೆ ಬಂದರು. ಸರಕಾರಿ ಪರೀಕ್ಷೆ ಬರೆದು ವಿಲ್ಲೇಜ್ ಆಫೀಸಿನಲ್ಲಿ ಕ್ಲರ್ಕ್ ಆದಾಗ ಮೊದಲ ನೇಮಕ ಕೇರಳದೊಳಗೇ ತೆಂಕಿಗಿರುವ ಹೊಸದುರ್ಗದ ಕಡೆಗೆ. ಅಲ್ಲಿ ಎಲ್ಲ ಕಾಗದವೂ ಮಲಯಾಳದಲ್ಲಿ. ಬಾಯಮ್ಮನಿಗೆ ಒಂದಕ್ಷರ ಬಾರದು. ಬಸ್ಸುಗಳ ಬೋರ್ಡು ಓದುತ್ತಾ ಅಕ್ಷರ ಕಲಿತರು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಮಾತು ಕಲಿತರು. ಎರಡು ವರ್ಷದ ಮೇಲೆ ಅವರು ಬರೆದ ಟಿಪ್ಪಣಿ ನೋಡಿ ಅಲ್ಲಿನ ಆಫೀಸರರು ಅಚ್ಚ ಮಲಯಾಳಿ ಎಂದುಕೊಂಡು ನಿಮ್ಮದು ಯಾವ ಊರು, ಪಯ್ಯನ್ನೂರಾ ಎಂದು ಕೇಳಿದರಂತೆ. ಈ ಕಥೆಯನ್ನು ಬಾಯಮ್ಮ ಹೇಳಿದ್ದಲ್ಲ. ಅವರ ಗಂಡ ಫಿಡೆಲಿಸ್ ಪೊರ್ಬುಗಳು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಹೆಂಗಸರಿಗೆ ಬಾಯಮ್ಮ ಎಂಬ ಹಾಗೆ ಗಂಡಸರಿಗೆ ನಮ್ಮಲ್ಲಿ ಪೊರ್ಬು.

ಬಾಯಮ್ಮ ತಾವೇ ಹೇಳಿದ ಕಥೆ ಬೇರೆ. ನಮ್ಮ ಕಡೆಗೆ ವರ್ಗವಾಗಿ ಬಂದ ಹೊಸತರಲ್ಲಿ ಒಬ್ಬ ಮುದುಕ ಮಲಯಾಳದ ಒಂದು ಆದೇಶ ಹಿಡಿದುಕೊಂಡು ಬಂದನಂತೆ. ಅವನ ಜಾಗದ ಅರ್ಜಿ ತಿರಸ್ಕಾರವಾಗಿತ್ತು. ಅವನ ಮುಖ ನೋಡಿ ಬಾಯಮ್ಮನಿಗೆ ಅಯ್ಯೋ ಎನಿಸಿ, ನಿಮ್ಮ ಅರ್ಜಿಯನ್ನು ಇನ್ನೂ ನೋಡುತ್ತಿದ್ದಾರಂತೆ ಅಜ್ಜಾ ಎಂದುಬಿಟ್ಟರು. ಮೂವತ್ತು ದಿನದೊಳಗೆ ಮೇಲ್ಮನವಿ ಕೊಡಬಹುದು ಎಂಬ ಕೊನೆಯ ವಾಕ್ಯವನ್ನು ಓದಿ ಹೇಳಲಿಲ್ಲ. ಮುದುಕ ನಂಬಿ ಮನೆಗೆ ಹೋದ. ಅವಧಿ ಮುಗಿಯಿತು.

"ಪಾಪ ಅಂತ ಒಂದು ವಾಕ್ಯ ನುಂಗಿದೆ ಪ್ರಸಾದ," ಎಂದಿದ್ದರು ನನ್ನ ಹತ್ತಿರ. "ಆ ಅಜ್ಜನ ಜಾಗ ಹೋಯ್ತು. ಅವತ್ತಿನಿಂದ ನಾನು ವಾಕ್ಯ ಎಣಿಸ್ಲಿಕ್ಕೆ ಶುರು ಮಾಡಿದ್ದು."

ಅವರು ನಿವೃತ್ತರಾಗಿ ಹನ್ನೊಂದು ವರ್ಷ. ಅವತ್ತಿನಿಂದ ವೇದಿಕೆ ಹತ್ತಿದರು. ನಮ್ಮ ಊರು ಕೇರಳದಲ್ಲಿದ್ದರೂ ಇಲ್ಲಿಯ ಮಾತು ಕನ್ನಡ, ತುಳು. ಓಟು ಕೇಳಲು ತೆಂಕಿನಿಂದ ಬರುವ ನಾಯಕರಿಗೆ ಮಲಯಾಳ ಬಿಟ್ಟು ಬೇರೆ ಬಾರದು. ಆದ್ದರಿಂದ ಅವರ ಪಕ್ಕದಲ್ಲಿ ಒಬ್ಬರು ನಿಂತು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತರ್ಜುಮೆ ಮಾಡಬೇಕು. ಬಾಯಮ್ಮನ ಮೊದಲು ಈ ಕೆಲಸ ಮಾಡುತ್ತಿದ್ದವರನ್ನು ನಾನು ಕಂಡಿದ್ದೇನೆ. ನಾಯಕ ಒಂದು ಮಾತು ಹೇಳಿದರೆ ಇವರು ನಾಲ್ಕು ಹೇಳಿ ಚಪ್ಪಾಳೆ ತಾವೇ ತೆಗೆದುಕೊಳ್ಳುತ್ತಿದ್ದರು. ಬಾಯಮ್ಮ ಹಾಗಲ್ಲ. ಯಾವ ಪಕ್ಷ ಕರೆದರೂ ಹೋಗುತ್ತಿದ್ದರು, ಆಟೋದ ಬಾಡಿಗೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಸೇರಿಸುವುದಿಲ್ಲ, ಬಿಡುವುದಿಲ್ಲ, ಅದೊಂದೇ ಷರತ್ತು.

ಅವರು ಎಣಿಸುವುದು ಹೇಗೆಂದು ಜನರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾಯಕನ ಬಲಕ್ಕೆ ಒಂದು ಹೆಜ್ಜೆ ಹಿಂದೆ ನಿಂತು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಅವನು ಒಂದು ವಾಕ್ಯ ಮುಗಿಸಿದರೆ ಒಂದು ಬೆರಳು ಮಡಚುತ್ತಿತ್ತು. ಇವರು ಅದನ್ನು ಕನ್ನಡದಲ್ಲಿ ಹೇಳಿದರೆ ಆ ಬೆರಳು ಬಿಚ್ಚುತ್ತಿತ್ತು. ನಾಯಕ ಆವೇಶದಲ್ಲಿ ನಾಲ್ಕೈದು ವಾಕ್ಯ ಒಟ್ಟಿಗೆ ಹೇಳಿದರೆ ನಾಲ್ಕೈದು ಬೆರಳು ಮಡಚಿ, ಒಂದೊಂದಾಗಿ ಬಿಚ್ಚುತ್ತಾ ಬರುತ್ತಿದ್ದವು. ಐದನ್ನೂ ದಾಟಿದರೆ ಎಡಗೈಯಿಂದ ಅವನ ಮೊಣಕೈ ಮುಟ್ಟಿ ನಿಲ್ಲಿಸುತ್ತಿದ್ದರು. ಎಂತೆಂಥ ಮೊಣಕೈಗಳು ನಿಂತಿವೆ ಎಂದು ನಾನು ಹೇಳಬಾರದು. ಹನ್ನೊಂದು ವರ್ಷ ನಾನು ಭಾಷಣ ಕೇಳಲಿಲ್ಲ, ಈ ಬೆರಳುಗಳನ್ನು ನೋಡಿದೆ. ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ.

ಅವರ ಎರಡನೆಯ ಕೆಲಸ ನಮ್ಮ ವಾಚನಾಲಯದ ಬೋರ್ಡು. ವಾಟ್ಸಾಪಿನಲ್ಲಿ ಬರುವ ಕಸ ನೋಡಿ ತಲೆಕೆಟ್ಟ ಗ್ರಂಥಪಾಲಕಿ ರಮ್ಯಶ್ರೀ ಗೋಡೆಯ ಮೇಲೆ ಒಂದು ಹಲಗೆ ಹಾಕಿಸಿದಳು. ಅದರಲ್ಲಿ ಮೂರು ಅಂಕಣ: ಸರಿ, ತಪ್ಪು, ಗೊತ್ತಿಲ್ಲ. ಚುನಾವಣೆಯ ಸಮಯದಲ್ಲಿ ಯಾವ ಅಭ್ಯರ್ಥಿ ಏನು ಹೇಳಿದ ಎಂದು ಮೊಬೈಲಿನಲ್ಲಿ ಬಂದದ್ದನ್ನು ಜನ ಅಲ್ಲಿ ತಂದು ತೋರಿಸಬಹುದು. ಬಾಯಮ್ಮ ವಿಚಾರಿಸಿ, ಚೀಟಿ ಬರೆದು ಅಂಟಿಸುತ್ತಿದ್ದರು. ಗೊತ್ತಿಲ್ಲ ಎಂಬ ಅಂಕಣವೇ ಯಾವಾಗಲೂ ತುಂಬಿರುತ್ತಿತ್ತು. ಹೀಗಾದರೆ ಯಾರು ಬರುತ್ತಾರೆ ಬಾಯಮ್ಮ ಎಂದು ನಾನು ತಮಾಷೆ ಮಾಡಿದ್ದೆ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೀಲಿಕ್ಕೆ ನಾನೆಂತ ಟಿವಿಯವಳಾ ಎಂದು ಅವರು ಕೇಳಿದರು.

ಕಳೆದ ವಿಧಾನಸಭೆ ಚುನಾವಣೆಗೆ ನಮ್ಮ ಕಡೆ ಎಲ್ಲರ ಬಾಯಲ್ಲಿದ್ದದ್ದು ಕೋವಿ. ಕಾಡುಹಂದಿ ಇಳಿದು ಬಾಳೆ, ಗೆಣಸು ಒಂದನ್ನೂ ಬಿಡುತ್ತಿರಲಿಲ್ಲ. ಹೊಡೆಯಲು ಲೈಸೆನ್ಸಿನ ಕೋವಿ ಬೇಕು. ಹೊಸ ಲೈಸೆನ್ಸು ಸಿಗುವುದು ಸುಲಭವಲ್ಲ. ಯಾವ ಅಭ್ಯರ್ಥಿ ಕೋವಿಯ ಪರ, ಯಾವನು ವಿರೋಧ ಎಂದು ದಿನಕ್ಕೆ ಹತ್ತು ಪೋಸ್ಟು ಬರುತ್ತಿತ್ತು. ಒಂದರಲ್ಲಿ ಪೊಲೀಸ್ ಠಾಣೆಯ ಎದುರು ಕೋವಿ ಹಿಡಿದು ನಿಂತ ಕೃಷಿಕರ ಸಾಲಿನ ಫೋಟೋ ಇತ್ತು. ಇಂಥ ಅಭ್ಯರ್ಥಿ ಹೇಳಿ ಕೃಷಿಕರ ಕೋವಿ ಕಿತ್ತುಕೊಳ್ಳಿಸಿದ ಎಂದು ಅದರ ಕೆಳಗೆ ಬರಹ. ಬಾಯಮ್ಮ ಬಸ್ಸು ಹತ್ತಿ ಅಗಲ್ಪಾಡಿಗೆ ಹೋಗಿ, ಲೈಸೆನ್ಸಿರುವ ಕೇಶವಪ್ರಸಾದರ ಮನೆಯಿಂದ ಹಿಂದಿನ ಮೂರು ಚುನಾವಣೆಗಳ ರಶೀದಿ ತಂದರು. ಓಟು ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ವಾಪಸು ತರುವುದು ಮೊದಲಿನಿಂದ ಇದ್ದದ್ದೇ. ರಶೀದಿಯ ನಕಲಿನ ಜೊತೆ ಚೀಟಿ 'ತಪ್ಪು' ಎಂಬಲ್ಲಿಗೆ ಹೋಯಿತು. ಒಂದು ಫೋಟೋಕ್ಕಾಗಿ ಎರಡು ಬಸ್ಸು ಬದಲಿಸಿ ಹೋಗುವ ಜನ ಇನ್ನೂ ಇದ್ದಾರೆ ಎಂದು ನನಗೆ ಅವತ್ತು ಸೋಜಿಗವಾಗಿತ್ತು. ನಿಜವಾದ ಸೋಜಿಗ ಮುಂದೆ ಇತ್ತು.

ಅಭ್ಯರ್ಥಿಗಳಲ್ಲಿ ಒಬ್ಬರು ಸುಕುಮಾರನ್. ತೆಂಕಿನವರು, ಒಳ್ಳೆಯ ಮಾತುಗಾರ. ಒಂಬತ್ತು ಕಡೆ ಅವರ ಸಭೆಗೆ ನನ್ನದೇ ಸೆಟ್ಟು, ಬಾಯಮ್ಮನದೇ ಕನ್ನಡ. ಒಂಬತ್ತು ಕಡೆಯೂ ಅವರು ಹೇಳಿದ್ದು ಒಂದೇ: ನಾನು ಗೆದ್ದರೆ ಪ್ರತಿಯೊಬ್ಬ ಕೃಷಿಕನಿಗೂ ಕೋವಿ ಕೊಡಿಸುತ್ತೇನೆ, ಬೆಳೆ ಉಳಿಸುವುದು ನನ್ನ ಜವಾಬ್ದಾರಿ. ನನ್ನಂಥ ಕಿವುಡನಿಗೂ ಬಾಯಿಪಾಠವಾಗಿತ್ತು. ಹತ್ತನೆಯದು ನಮ್ಮ ನೆಕ್ರಾಜೆಯ ಮೈದಾನದಲ್ಲಿ, ಶುಕ್ರವಾರ ಸಂಜೆ. ಬರುವಾಗಲೇ ಒಂದೂವರೆ ಗಂಟೆ ತಡ, ತರ್ಜುಮೆ ಬೇಡದ ತೆಂಕಿನ ಕಡೆ ಇನ್ನೂ ಎರಡು ಸಭೆ ಬಾಕಿ. ನಾನು ಆ ಹೊತ್ತಿಗೆ ಜನರೇಟರಿಗೆ ಡೀಸೆಲ್ ಹಾಕುತ್ತಿದ್ದೆ, ಬೆರಳು ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಎರಡು ಪೋಸ್ಟು ಒಟ್ಟಿಗೆ ಓಡಾಡಿದವು. ಒಂದರಲ್ಲಿ ವೇದಿಕೆಯ ಮೇಲೆ ಬಾಯಮ್ಮ, ಅವರದೇ ಧ್ವನಿ: ಪ್ರತಿಯೊಬ್ಬ ಕೃಷಿಕನಿಗೂ ಕೋವಿ ಕೊಡಿಸುತ್ತೇನೆ. ಇನ್ನೊಂದು ಮಲಯಾಳದ್ದು. ಅದರಲ್ಲಿ ಸುಕುಮಾರನ್ ತಾವೇ ಮಾತಾಡುತ್ತಾ, ಆ ಮಾತನ್ನು ಈಗ ಹಾಗೆಯೇ ಹೇಳಲು ನನ್ನಿಂದ ಆಗುವುದಿಲ್ಲ ಎನ್ನುತ್ತಿದ್ದರು. ಎರಡಕ್ಕೂ ಹಿಂದೆ ಅದೇ ಬ್ಯಾನರು, ಅದೇ ಮೈದಾನ, ಅದೇ ನನ್ನ ನೀಲಿ ಹಾರ್ನು. ಕನ್ನಡದವರು ಮಲಯಾಳದ್ದು ಸುಳ್ಳು ಎಂದರು. ಮಲಯಾಳದವರು ಕನ್ನಡದ್ದು ಸುಳ್ಳು ಎಂದರು. ಚಹಾದ ಅಂಗಡಿಯಲ್ಲಿ ಇಬ್ಬರು ಅಂಗಿ ಹಿಡಿದುಕೊಳ್ಳುವವರೆಗೆ ಹೋಯಿತು. ಕೊನೆಗೆ ಎರಡೂ ಮೊಬೈಲು ವಾಚನಾಲಯಕ್ಕೆ ಬಂದವು. ಬಾಯಮ್ಮ ಹೇಳಲಿ ಎಂದು ಎರಡು ಕಡೆಯವರೂ ಒಪ್ಪಿದರು. ಬಾಯಮ್ಮ ಹೇಳಿದರೆ ಅಷ್ಟೇ, ಆಮೇಲೆ ಮಾತಿಲ್ಲ ಎಂಬುದು ನಮ್ಮ ಊರಿನಲ್ಲಿ ಹನ್ನೊಂದು ವರ್ಷದಿಂದ ನಡೆದುಬಂದ ವ್ಯವಸ್ಥೆ.

ಬಾಯಮ್ಮ ಎರಡನ್ನೂ ನೋಡಿದರು. "ಎರಡೂ ತುಂಡು. ನಂಗೆ ಇಡೀದು ಬೇಕು. ಪ್ರಸಾದನ ಹತ್ರ ರೆಕಾರ್ಡ್ ಉಂಟು, ಅವನಿಗೆ ಫೋನ್ ಮಾಡು," ಎಂದು ರಮ್ಯಶ್ರೀಗೆ ಹೇಳಿದರು.

ಇದ್ದದ್ದು ಹೌದು. ಮುಂದೆ ಗಲಾಟೆಯಾದರೆ ನನ್ನ ತಲೆಗೆ ಬರಬಾರದೆಂದು ಪ್ರತಿ ಸಭೆಯನ್ನೂ ಮಿಕ್ಸರಿನಿಂದ ಪೆನ್ ಡ್ರೈವಿಗೆ ಹಾಕಿಟ್ಟುಕೊಳ್ಳುತ್ತೇನೆ. ನಾಳೆ ತರುತ್ತೇನೆ ಎಂದು ಹೇಳಿ, ಆ ಸಂಜೆ ಮನೆಯಲ್ಲಿ ಒಬ್ಬನೇ ಕೂತು ಕೇಳಿದೆ. ಜೀವಮಾನದಲ್ಲಿ ನಾನು ಪೂರ್ತಿ ಕೇಳಿದ ಮೊದಲ ಭಾಷಣ ಅದೇ ಇರಬೇಕು. ಕೇಳಿ ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಹಾಕಿ ಕೇಳಿದೆ. ತಪ್ಪಿದ್ದು ಸುಕುಮಾರನ್ ಅಲ್ಲ, ಮೊಬೈಲಿನವರೂ ಅಲ್ಲ. ಬಾಯಮ್ಮ.

ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಭಾನುವಾರ ಮಧ್ಯಾಹ್ನ ವಾಚನಾಲಯಕ್ಕೆ ಖಾಲಿ ಕೈಯಲ್ಲಿ ಹೋದೆ. ಅಲ್ಲಿ ಬಾಯಮ್ಮ, ರಮ್ಯಶ್ರೀ, ಜೊತೆಗೆ ಸುಕುಮಾರನ್ ಪಕ್ಷದ ಮೊಬೈಲ್ ಪ್ರಚಾರ ನೋಡಿಕೊಳ್ಳುವ ಪ್ರವೀತ್ ಇದ್ದರು.

"ಅವತ್ತು ರೆಕಾರ್ಡ್ ಆಗ್ಲಿಲ್ಲ ಬಾಯಮ್ಮ," ಎಂದೆ. "ಎಂತದೋ ಪ್ರಾಬ್ಲಂ ಆಯ್ತು."

ಪ್ರವೀತ್ ಕೂಡಲೇ ಹಿಡಿದುಕೊಂಡ. "ಆಗದಿದ್ರೆ ಒಳ್ಳೇದೇ ಆಯ್ತು. ಬಾಯಮ್ಮ, ಆ ಮಲಯಾಳದ್ದು ಎಐಯಲ್ಲಿ ಮಾಡಿದ್ದು ಅಂತ ಬರೆದುಬಿಡಿ. ಈಗ ಯಾರ ಸ್ವರ ಬೇಕಾದ್ರೂ ಮಾಡ್ತಾರೆ. ನೀವು ಹೇಳಿದ್ರೆ ಯಾರೂ ಎದುರು ಮಾತಾಡುದಿಲ್ಲ."

"ಎಐ ಇರ್ಬಹುದು ಬಾಯಮ್ಮ," ಎಂದು ನಾನೂ ರಾಗ ಎಳೆದೆ. ನಾಚಿಕೆಗೆಟ್ಟವನು.

ಬಾಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಪ್ರಸಾದ, ನಿನ್ನ ಮಿಕ್ಸರಿನಲ್ಲಿ ರೆಕಾರ್ಡಿನ ಕೆಂಪು ಲೈಟ್ ಉರೀತಾ ಇತ್ತು. ನಾನು ಅದನ್ನು ನೋಡಿಯೇ ಬಾಯಿ ತೆರೆಯುದು. ಹನ್ನೊಂದು ವರ್ಷ ಆಯ್ತು."

ಹಿಂದೆ ಕೂತು ಅವರನ್ನು ನೋಡುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಅವರೂ ನನ್ನನ್ನು ನೋಡುತ್ತಿದ್ದರು. ನಾನು ಎದ್ದು ಹೋಗಿ ಸ್ಕೂಟರಿನ ಡಿಕ್ಕಿಯಿಂದ ಪೆನ್ ಡ್ರೈವ್ ತಂದು ಮೇಜಿನ ಮೇಲಿಟ್ಟೆ.

ರಮ್ಯಶ್ರೀ ಅದನ್ನು ಕಂಪ್ಯೂಟರಿಗೆ ಹಾಕಿದಳು. ಸುಕುಮಾರನ್ ಧ್ವನಿ ಬಂತು. ಬಾಯಮ್ಮ ಬಲಗೈಯನ್ನು ಮೇಜಿನ ಮೇಲೆ ಇಟ್ಟರು. ಆ ಕೈ ಎಣಿಸುವುದನ್ನು ನಾನು ಎದುರಿನಿಂದ ನೋಡಿದ್ದು ಅದೇ ಮೊದಲು. ಹೆಬ್ಬೆರಳಿನ ಪಕ್ಕದಲ್ಲಿ ಹಳೆಯ ಶಾಯಿಯ ಹಾಗೆ ಒಂದು ಮಚ್ಚೆ ಇತ್ತು.

ಸುಕುಮಾರನ್ ತಡೆಯಿಲ್ಲದೆ ಐದು ವಾಕ್ಯ ಹೇಳಿದ್ದರು. ಇಷ್ಟು ದಿನ ಪ್ರತಿಯೊಬ್ಬ ಕೃಷಿಕನಿಗೂ ಕೋವಿ ಕೊಡಿಸುತ್ತೇನೆಂದು ನಾನೇ ಹೇಳಿದ್ದೆ. ಹಂದಿಗೆಂದು ಹಾರಿಸಿದ ಗುಂಡು ತಾಗಿದ ಒಬ್ಬ ರಬ್ಬರ್ ಟ್ಯಾಪಿಂಗ್ ಕೆಲಸಗಾರನನ್ನು ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿಬಂದೆ. ಆ ಮಾತನ್ನು ಈಗ ಹಾಗೆಯೇ ಹೇಳಲು ನನ್ನಿಂದ ಆಗುವುದಿಲ್ಲ. ಲೈಸೆನ್ಸೂ ತರಬೇತಿಯೂ ಇರುವವರ ಒಂದು ತಂಡ ಮಾಡಿ, ಅವರು ಮಾತ್ರ ಹೊಡೆಯುವ ಏರ್ಪಾಡಿಗೆ ನಾನು ದುಡಿಯುತ್ತೇನೆ. ಇದು ಇಷ್ಟವಾಗದೆ ನೀವು ನನಗೆ ಓಟು ಹಾಕದಿದ್ದರೂ ಬೇಸರವಿಲ್ಲ.

ಬಾಯಮ್ಮನ ಐದೂ ಬೆರಳು ಮಡಚಿಕೊಂಡವು. ಆಮೇಲೆ ಕಂಪ್ಯೂಟರಿನಿಂದ ಅವರದೇ ಧ್ವನಿ ಬಂತು. ಚುರುಕಾದ, ಸ್ಪಷ್ಟವಾದ, ನಾವೆಲ್ಲ ನಂಬಿದ ಧ್ವನಿ. ಪ್ರತಿಯೊಬ್ಬ ಕೃಷಿಕನಿಗೂ ಕೋವಿ ಕೊಡಿಸುತ್ತೇನೆ. ಬೆಳೆ ಉಳಿಸುವುದು ನನ್ನ ಜವಾಬ್ದಾರಿ. ಎರಡು ಬೆರಳು ಬಿಚ್ಚಿದವು. ರೆಕಾರ್ಡಿನಲ್ಲಿ ಚಪ್ಪಾಳೆ ಬಿತ್ತು. ಮೂರು ಬೆರಳು ಮಡಚಿದ ಹಾಗೆಯೇ ಮೇಜಿನ ಮೇಲೆ ಉಳಿದವು.

"ಇನ್ನೊಂದ್ಸಲ ಹಾಕು," ಎಂದರು. ಮೂರು ಸಲ ಹಾಕಿಸಿದರು. ಮೂರು ಸಲವೂ ಬೆರಳು ಅಷ್ಟೇ.

ಪ್ರವೀತ್ ಬೆವರುತ್ತಿದ್ದ. "ಇದು ನಾಲ್ಕು ಜನಕ್ಕೆ ಮಾತ್ರ ಗೊತ್ತಿರುದು. ಇಲ್ಲಿಗೇ ಬಿಡುವ ಬಾಯಮ್ಮ. ನಿಮ್ಮ ಹೆಸರಿಗೇ ಕಷ್ಟ."

"ಗೊತ್ತಿಲ್ಲ ಅಂತ ಹಾಕಿದ್ರೆ?" ಎಂದಳು ರಮ್ಯಶ್ರೀ, ತುಂಬ ಮೆಲ್ಲಗೆ. ಅವಳಿಗೆ ಬಾಯಮ್ಮನೆಂದರೆ ಜೀವ.

"ಗೊತ್ತುಂಟಲ್ಲ ಮಗಾ," ಎಂದರು ಬಾಯಮ್ಮ.

ನಾನು ಸಿಟ್ಟಿನಿಂದ ಮಾತಾಡಿದೆ. ಸಿಟ್ಟು ಯಾರ ಮೇಲೆಂದು ನನಗೇ ತಿಳಿಯದು. "ಒಂಬತ್ತು ಕಡೆ ಅದೇ ಮಾತು ಹೇಳಿ ಬಾಯಿಗೆ ಅಭ್ಯಾಸ ಆಗಿತ್ತು, ಗಡಿಬಿಡಿ ಬೇರೆ ಇತ್ತು. ಹಾಗೆ ಬರೀರಿ. ಅದರಲ್ಲಿ ನಿಮ್ಮ ತಪ್ಪು ಎಂತ ಉಂಟು?"

"ಗಡಿಬಿಡಿ ಹೌದು. ಆದ್ರೆ ಅವರು ಹೇಳಿದ್ದು ನಂಗೆ ಕೇಳಿತ್ತು ಪ್ರಸಾದ. ಆಸ್ಪತ್ರೆ ಅಂದದ್ದು ಕೇಳಿತ್ತು." ಮಡಚಿದ ಬೆರಳುಗಳನ್ನು ನೋಡುತ್ತಾ ಮುಂದುವರಿಸಿದರು. "ಅವತ್ತು ಬೆಳಿಗ್ಗೆ ನಮ್ಮ ಮರಗೆಣಸು ಇಡೀ ಹಂದಿ ಅಗೆದು ಹಾಕಿತ್ತು. ಫಿಡೆಲಿಸ್ ಆ ಹೊಂಡದ ಎದುರು ಕೂತು ಮುರಿದ ಗೆಣಸಿನ ತುಂಡು ಹೆಕ್ತಾ ಇದ್ರು. ಕೋವಿ ಕೊಡಿಸ್ತೇನೆ ಅನ್ನುವ ಮಾತು ನಂಗೆ ಬೇಕಿತ್ತು. ಬೇಕಿದ್ದದ್ದು ಬಾಯಿಗೆ ಬಂತು."

ಇದನ್ನು ಹೇಳಲೇಬೇಕಾದ ಅಗತ್ಯ ಅವರಿಗೆ ಇರಲಿಲ್ಲ. ಯಾರಿಗೂ ಕಾಣದ ಜಾಗದಲ್ಲಿ ಇದ್ದದ್ದನ್ನು ತಾವಾಗಿ ತೆಗೆದು ಮೇಜಿನ ಮೇಲಿಟ್ಟರು. ನಾನು ದೇವಸ್ಥಾನದ ಅಂಗಳದಲ್ಲಿ ಬೆಳೆದವನು, ಭಯಭಕ್ತಿ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದವನು. ಅದು ಮೈಮೇಲೆ ಬರುವುದು ಹೇಗೆಂದು ನನಗೆ ಗೊತ್ತಾದದ್ದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಚೀಟಿ ಬರೆದರು. ಎರಡೂ ವಿಡಿಯೋ ನಿಜ. ಸುಕುಮಾರನ್ ಹೇಳಿದ್ದು ಮಲಯಾಳದಲ್ಲಿ ಇರುವುದು. ಕನ್ನಡದಲ್ಲಿ ಕೇಳಿದ್ದು ಅವರ ಮಾತಲ್ಲ, ತರ್ಜುಮೆಯವರ ತಪ್ಪು. ತರ್ಜುಮೆ: ಜೋಸ್ಫಿನ್, ನೆಕ್ರಾಜೆ. ಕೆಳಗೆ ಐದು ವಾಕ್ಯವನ್ನೂ ಬಿಡದೆ ಬರೆದು 'ತಪ್ಪು' ಎಂಬ ಅಂಕಣದಲ್ಲಿ ತಾವೇ ಅಂಟಿಸಿದರು. ನಾಲ್ಕು ಮೂಲೆಗೂ ಅಂಟು ಹಚ್ಚಿದರು.

ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಬಾಯಮ್ಮ ಬಾಗಿಲಲ್ಲಿ ನಿಂತು, "ಈ ಬೋರ್ಡು ನೋಡುವವರು ಎಷ್ಟು ಜನ?" ಎಂದು ಕೇಳಿದರು. ಇಪ್ಪತ್ತು ಮೂವತ್ತು ಇರಬಹುದು ಎಂದೆ. "ಮೈದಾನದಲ್ಲಿ ನಾನೂರು ಜನ ಇದ್ರು. ಅಲ್ಲಿ ಮೈಕಿನಲ್ಲಿ ಹೇಳಿದ್ದನ್ನು ಇಲ್ಲಿ ಚೀಟಿಯಲ್ಲಿ ಸರಿ ಮಾಡಿದ್ರೆ ಸಾಕಾ?"

ಸುದ್ದಿ ಹಬ್ಬಲು ಒಂದು ಗಂಟೆ ಬೇಕಾಗಲಿಲ್ಲ. ಎದುರು ಪಕ್ಷದವರು ಕಾರು ತಂದು, ನಮ್ಮ ವೇದಿಕೆಗೆ ಬಂದು ಹೇಳಿ ಎಂದು ಕರೆದರು. ಅವರ ವೇದಿಕೆಯಲ್ಲಿ ಹೇಳಿದರೆ ಅದಕ್ಕೆ ಇನ್ನೊಂದು ಬಾಲ ಹುಟ್ಟುತ್ತದೆ ಎಂದು ಬಾಯಮ್ಮ ಅವರಿಗೆ ಚಹಾ ಕೊಟ್ಟು ಕಳುಹಿಸಿದರು. ಪ್ರವೀತ್ ಬಂದು, ದಮ್ಮಯ್ಯ, ಓಟು ಮುಗಿಯುವವರೆಗೆ ಸುಮ್ಮನಿರಿ ಎಂದ. ಬಾಯಮ್ಮ ಅವನೆದುರೇ ಸುಕುಮಾರನ್‌ಗೆ ಫೋನ್ ಮಾಡಿ, ನಿಮ್ಮ ಮಾತನ್ನು ನಾನು ಕೆಡಿಸಿದ್ದೇನೆ ಎಂದು ಮಲಯಾಳದಲ್ಲಿ ಹೇಳಿದರು. ಎಲ್ಲ ಕೇಳಿ ಅವರು, ಮಂಗಳವಾರ ಸಂಜೆ ಅದೇ ಮೈದಾನಕ್ಕೆ ಬರುತ್ತೇನೆ ಎಂದರು.

ಮಂಗಳವಾರ ಜನ ನಾನೂರಲ್ಲ, ಅದರ ಎರಡರಷ್ಟು. ಬಾಯಮ್ಮ ಜಾರಿಬೀಳುವುದನ್ನು ನೋಡಲು ಬಂದವರೇ ಹೆಚ್ಚು ಎಂದು ನನಗೆ ಕೆಟ್ಟ ಸಂಶಯ. ಫಿಡೆಲಿಸ್ ಪೊರ್ಬುಗಳು ಮುಂದಿನ ಸಾಲಿನಲ್ಲಿ ಇಸ್ತ್ರಿಯ ಅಂಗಿ ಹಾಕಿ ಕೂತಿದ್ದರು. ನಾನು ಹಿಂದೆ, ಮಿಕ್ಸರಿನ ಎದುರು. ಡೀಸೆಲನ್ನು ಮಧ್ಯಾಹ್ನವೇ ತುಂಬಿಸಿಟ್ಟಿದ್ದೆ.

ಬಾಯಮ್ಮ ಕೆಂಪು ದೀಪವನ್ನೊಮ್ಮೆ ನೋಡಿ ಮೈಕಿನ ಎದುರು ಬಂದರು.

"ಶುಕ್ರವಾರ ಇಲ್ಲಿ ಇವರು ಐದು ವಾಕ್ಯ ಹೇಳಿದ್ರು. ನಾನು ನಿಮಗೆ ಎರಡೇ ಕೊಟ್ಟೆ. ಆ ಎರಡೂ ಇವರು ಅವತ್ತು ಹೇಳಿದ್ದಲ್ಲ. ನಮ್ಮ ಗೆಣಸು ಹಂದಿ ತಿಂದಿತ್ತು, ಕೋವಿ ನಂಗೆ ಬೇಕಿತ್ತು. ನಂಗೆ ಬೇಕಾದ್ದನ್ನು ಇವರ ಬಾಯಲ್ಲಿ ಇಟ್ಟು ನಿಮಗೆ ಹೇಳಿದೆ. ನೀವು ನನ್ನ ಸ್ವರ ನಂಬಿದವರು. ಇನ್ನು ನಂಬಬೇಡಿ, ಎಣಿಸಿ."

ಬೆನ್ನ ಹಿಂದೆ ಇರುತ್ತಿದ್ದ ಆ ಬಲಗೈಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದರು. ಹನ್ನೊಂದು ವರ್ಷ ಹೇಗೆ ಎಣಿಸುತ್ತಿದ್ದೆ ಎಂದು ಎರಡು ಮಾತಿನಲ್ಲಿ ವಿವರಿಸಿದರು. ಅವರು ಹೇಳಿದಾಗ ಒಂದು ಮಡಚಿ, ನಾನು ಹೇಳಿದಾಗ ಅದನ್ನು ಬಿಚ್ಚಿ, ಕೊನೆಗೆ ಮಡಚಿದ್ದು ಉಳಿದರೆ ಕೂಗಿ ಕೇಳಿ ಎಂದರು. ಆಮೇಲೆ ಸುಕುಮಾರನ್ ಕಡೆ ತಿರುಗಿ ತಲೆಯಾಡಿಸಿದರು.

ಸುಕುಮಾರನ್ ಐದು ವಾಕ್ಯವನ್ನೂ ಮತ್ತೆ ಹೇಳಿದರು. ಧ್ವನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. ಬಾಯಮ್ಮ ಒಂದೊಂದನ್ನೇ ಕನ್ನಡದಲ್ಲಿ ಕೊಟ್ಟರು. ನಾನು ಅಭ್ಯಾಸದಂತೆ ಅವರ ಬೆನ್ನ ಹಿಂದೆ ನೋಡಿದೆ, ಅಲ್ಲಿ ಕೈ ಇರಲಿಲ್ಲ. ತಲೆ ಎತ್ತಿ ಅವರ ಹೆಗಲ ಮೇಲಿನಿಂದ ಮೈದಾನ ನೋಡಿದೆ. ಮುಂದಿನ ಸಾಲಿನಲ್ಲಿ ಫಿಡೆಲಿಸ್ ಪೊರ್ಬುಗಳು ಉಳಿಯ ಗಾಯಗಳಿದ್ದ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಬೆರಳು ಬಿಚ್ಚುತ್ತಿದ್ದರು. ಅವರ ಹಿಂದೆ ಬೀಡಿ ಕಟ್ಟುವ ಹೆಂಗಸರು. ಅವರ ಹಿಂದೆ ತಲೆಗೆ ಮುಂಡಾಸು ಸುತ್ತಿದ ಕೂಲಿಯವರು, ಶಾಲೆಯ ಮಾಸ್ತರರು, ಜಾರಿಬೀಳುವುದನ್ನು ನೋಡಲು ಬಂದವರು. ಕೈಗಳು ಹಿಂದಿನ ತೆಂಗಿನಮರದವರೆಗೂ ಇದ್ದವು. ಐದನೆಯ ವಾಕ್ಯ ಮುಗಿದಾಗ ಎಂಟುನೂರು ಅಂಗೈ ಪೂರ್ತಿ ತೆರೆದಿದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನನಗೆ ಕಣ್ಣು ಮಂಜಾಗಿ ಮಿಕ್ಸರಿನ ಗುಂಡಿಗಳು ಕಾಣಲಿಲ್ಲ. ಅಂಥದನ್ನು ನಾನು ಮತ್ತೆ ನೋಡಲಾರೆ.

ವೇದಿಕೆ ಇಳಿದ ಬಾಯಮ್ಮ, ಇನ್ನು ಹತ್ತುವುದಿಲ್ಲ ಎಂದರು. ನಾನು ಜಗಳ ಮಾಡಿದೆ, ರಮ್ಯಶ್ರೀ ಅತ್ತಳು, ಸುಕುಮಾರನ್ ಕೂಡ ಬೇಡಿಕೊಂಡರು. ಕೇಳಲಿಲ್ಲ. ಬೋರ್ಡಿನ ಕೆಲಸ ಮಾತ್ರ ಬಿಡಲಿಲ್ಲ, ಈಗ ಪ್ರತಿ ಚೀಟಿಗೂ ರಮ್ಯಶ್ರೀಯ ಎರಡನೆಯ ಸಹಿ ಬೇಕೆಂದು ನಿಯಮ ಮಾಡಿದ್ದಾರೆ. ಸುಕುಮಾರನ್ ಗೆಲ್ಲಲಿಲ್ಲ. ಬಾಯಮ್ಮನಿಂದಲೇ ಸೋತದ್ದು ಎಂದು ಪ್ರವೀತ್ ಊರೆಲ್ಲ ಹೇಳಿಕೊಂಡು ತಿರುಗಿದ. ಬಾಯಮ್ಮ ಆ ಮಾತನ್ನೂ ಒಂದು ಚೀಟಿಯಲ್ಲಿ ಬರೆದು, ಹತ್ತು ದಿನ ವಿಚಾರಿಸಿ, 'ಗೊತ್ತಿಲ್ಲ' ಎಂಬಲ್ಲಿ ಅಂಟಿಸಿದರು. ಇವತ್ತಿಗೂ ಅಲ್ಲೇ ಇದೆ.

ಹೋದ ತಿಂಗಳು ಗೆದ್ದ ಪಕ್ಷದವರು ಕೃತಜ್ಞತೆ ಹೇಳಲು ಅದೇ ಮೈದಾನದಲ್ಲಿ ಸಭೆ ಇಟ್ಟರು. ತೆಂಕಿನಿಂದ ದೊಡ್ಡ ನಾಯಕರೊಬ್ಬರು ಬಂದಿದ್ದರು. ತರ್ಜುಮೆಗೆ ಯಶ್ಮಿತಾ ಎಂಬ ಶಾಲೆಯ ಟೀಚರ್, ಅವಳಿಗೆ ಅದು ಮೊದಲ ವೇದಿಕೆ. ನಾಯಕರು ಕೋವಿಯ ಮಾತೆತ್ತಿ ಒಂದೇ ಉಸಿರಿನಲ್ಲಿ ನಾಲ್ಕು ವಾಕ್ಯ ಹೇಳಿದರು. ಯಶ್ಮಿತಾ ಹೆದರಿ ಹೆದರಿ ಕನ್ನಡದಲ್ಲಿ ಹೇಳಿ ನಿಲ್ಲಿಸಿದಳು. ನಾಯಕರು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಮೈದಾನದ ನಡುವಿನಿಂದ ಬೀಡಿ ಕಟ್ಟುವ ಮುದುಕಿಯೊಬ್ಬಳು ಎದ್ದು ನಿಂತಳು.

"ಟೀಚರೇ, ಒಂದು ಬಾಕಿ ಉಂಟು!"

ನಾಯಕರಿಗೆ ಅರ್ಥವಾಗಲಿಲ್ಲ. ನಾನು ಹಿಂದಿನಿಂದ ಎದ್ದು ನೋಡಿದೆ. ಮೈದಾನದ ತುಂಬ ಕೈಗಳು ಎದ್ದಿದ್ದವು, ಪ್ರತಿ ಕೈಯಲ್ಲೂ ಒಂದು ಬೆರಳು ಮಡಚಿತ್ತು. ಬಾಯಮ್ಮ ಮೂರನೆಯ ಸಾಲಿನಲ್ಲಿ ಫಿಡೆಲಿಸ್ ಪೊರ್ಬುಗಳ ಪಕ್ಕ ಕೂತಿದ್ದರು, ಅವರದೂ ಹಾಗೆಯೇ. ಯಶ್ಮಿತಾ ಒಂದು ಕ್ಷಣ ಮೈದಾನವನ್ನು ನೋಡಿ, ಎಡಗೈ ಚಾಚಿ, ಆ ದೊಡ್ಡ ನಾಯಕರ ಮೊಣಕೈ ಮುಟ್ಟಿದಳು.